ಠಾಣೆಯ ಎರಡು ಬಾಗಿಲು, ಒಂದು ಹಳೆಯ ಕರಾರು



ಠಾಣೆಯ ತಲಾವ್ ಪಾಳಿಯಲ್ಲಿ ಸಂಜೆ ಹೊತ್ತು ಸುತ್ತಾಡದವರು ನಿಮ್ಮಲ್ಲಿ ಯಾರೂ ಇರಲಾರರು. ಆ ಕೆರೆಯ ಬಳಿಯೇ ಸ್ನಾನಿಕ ಯೋಹಾನನ ಹೆಸರಿನ, ಪೋರ್ಚುಗೀಸರ ಕಾಲದಿಂದ ಬಂದ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಚರ್ಚು ಇದೆ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಟೆಂಭಿ ನಾಕಾದ ಸಿವಿಲ್ ಆಸ್ಪತ್ರೆಯ ಹತ್ತಿರ, ಯಹೂದ್ಯರ ಪ್ರಾರ್ಥನಾಲಯ ‘ಶಾರ್ ಹಶಮಾಯಿಮ್’. ಕಟ್ಟಿದ್ದು 1879ರಲ್ಲಿ. ಹೆಸರಿನ ಅರ್ಥ ‘ಸ್ವರ್ಗದ ಬಾಗಿಲು’. ಎರಡನ್ನೂ ದಾಟಿ ಓಡಾಡುವ ನಾವು ಇವುಗಳ ನಡುವಿನ ಎರಡು ಸಾವಿರ ವರ್ಷಗಳ ವ್ಯಾಜ್ಯವನ್ನು ಕೇಳಿಯೇ ಇರುವುದಿಲ್ಲ.

ವ್ಯಾಜ್ಯ ಒಂದು ವಾಗ್ದಾನದ ಕುರಿತು. ಸಂತತಿ, ನಾಡು, ಅವನ ಮೂಲಕ ಲೋಕದ ಕುಲಗಳಿಗೆಲ್ಲ ಆಶೀರ್ವಾದ: ಇಷ್ಟನ್ನು ದೇವರು ಅಬ್ರಹಾಮನಿಗೆ ಮಾತುಕೊಟ್ಟರೆಂದು ಬೈಬಲಿನ ಆದಿಕಾಂಡ ಹೇಳುತ್ತದೆ. ಮೊಮ್ಮಗ ಯಾಕೋಬ ಕಲ್ಲಿಗೆ ತಲೆಯಿಟ್ಟು ಮಲಗಿ, ಆಕಾಶಕ್ಕೆ ಮುಟ್ಟುವ ಏಣಿಯ ಕನಸು ಕಂಡಾಗ ಅದೇ ಮಾತು ಮತ್ತೆ ಬಂತು. ಎಚ್ಚರವಾದ ಮೇಲೆ ಆತ ಆ ಜಾಗವನ್ನು ಸ್ವರ್ಗದ ಬಾಗಿಲು ಎಂದ. ಠಾಣೆಯ ಪ್ರಾರ್ಥನಾಲಯದ ಹೆಸರು ಈ ಕಥೆಯದು. ಕ್ರೈಸ್ತರೂ ಈ ಕಥೆಯನ್ನು ಬಿಡಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ದೇವದೂತರು ಏರಿ ಇಳಿಯುವುದು ಏಣಿಯ ಮೇಲಲ್ಲ, ಯೇಸುವಿನ ಮೇಲೆ.

ಇಂಥ ವಾಗ್ದಾನಕ್ಕೆ ಕನ್ನಡ ಬೈಬಲಿನಲ್ಲಿ ‘ಒಡಂಬಡಿಕೆ’ ಎಂಬ ಚೆಂದದ ಮಾತಿದೆ. ಮರಾಠಿಯಲ್ಲಿ ‘ಕರಾರ್’: ಜುನಾ ಕರಾರ್, ನವಾ ಕರಾರ್. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳನ್ನು ಕಂಡು ಬೆಳೆದ ಡೊಂಬಿವಲಿ, ಕಲ್ಯಾಣದ ಮಕ್ಕಳಿಗೆ ಪ್ರಶ್ನೆ ತಾನಾಗಿಯೇ ಹೊಳೆಯಬೇಕು. ಹೊಸದಕ್ಕೆ ರುಜು ಬಿದ್ದ ಮೇಲೆ ಹಳೆಯದು ರದ್ದೇ?

ಬಹುಕಾಲ ಚರ್ಚು ಹೆಚ್ಚುಕಡಿಮೆ ರದ್ದು ಎಂದೇ ಬೋಧಿಸಿತು. ಯೇಸುವನ್ನು ಒಪ್ಪದ ಯಹೂದ್ಯರು ಹಕ್ಕು ಕಳೆದುಕೊಂಡರು, ವಾಗ್ದಾನವೆಲ್ಲ ಈಗ ಚರ್ಚಿನದು ಎಂಬ ವಾದ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಮೊದಲ ಒಡಂಬಡಿಕೆ ಹಳತಾಯಿತೆಂಬ ಮಾತು ಇರುವುದೂ ನಿಜ. ಆದರೆ ವಾದ ಕಾಗದದಲ್ಲೇ ನಿಲ್ಲಲಿಲ್ಲ, ತಿರಸ್ಕಾರವಾಗಿ ಬೆಳೆಯಿತು. ಮುಂಬಯಿ ದ್ವೀಪವನ್ನು ಪೋರ್ಚುಗೀಸರಿಂದ ಗೇಣಿಗೆ ಪಡೆದಿದ್ದ ವೈದ್ಯ ಗಾರ್ಸಿಯಾ ದ ಓರ್ತಾ ಮತಾಂತರಗೊಂಡ ಯಹೂದ್ಯರ ಮಗ. ಗೋವೆಯಲ್ಲಿ 1568ರಲ್ಲಿ ತೀರಿಕೊಂಡ. ಗುಟ್ಟಾಗಿ ಹಳೆಯ ಧರ್ಮ ಪಾಲಿಸಿದನೆಂದು 1580ರಲ್ಲಿ ಅವನ ಎಲುಬುಗಳನ್ನು ಹೊರತೆಗೆಸಿ ಸುಟ್ಟರು.

ಪೌಲನ ಲೆಕ್ಕವೇ ಬೇರೆ. ಆತ ಸ್ವತಃ ಯಹೂದ್ಯ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಅವನು ಒಂದು ಆಲಿವ್ ಮರವನ್ನು ನಿಲ್ಲಿಸುತ್ತಾನೆ. ಬೇರು ಇಸ್ರೇಲಿನದು. ಕೆಲವು ಕೊಂಬೆ ಮುರಿದಿವೆ. ಯಹೂದ್ಯರಲ್ಲದ ಕ್ರೈಸ್ತರು ಅದಕ್ಕೆ ಕಸಿ ಕಟ್ಟಿದ ಕಾಡು ಕೊಂಬೆಗಳು. ರಜೆಯಲ್ಲಿ ಅಜ್ಜನ ಊರಿಗೆ ಹೋದಾಗ ಮಾವಿನ ಕಸಿ ಕಟ್ಟುವುದನ್ನು ಕಂಡವರಿಗೆ ನಗು ಬಂದೀತು. ಕಾಡು ಗಿಡಕ್ಕೆ ಒಳ್ಳೆಯ ಜಾತಿಯ ಕಡ್ಡಿ ಕಟ್ಟುವುದು ಪದ್ಧತಿ, ಇವನದು ತಲೆಕೆಳಗು! ಪೌಲನಿಗೂ ಅದು ಗೊತ್ತು. ಪ್ರಕೃತಿಗೆ ವಿರುದ್ಧವೆಂದು ತಾನೇ ಒಪ್ಪುತ್ತಾನೆ. ಅವನಿಗೆ ಬೇಕಾದದ್ದು ಹೊಸ ಕೊಂಬೆಯ ಜಂಬ ಇಳಿಸುವುದು. ಕೊಂಬೆ ನಿಂತಿರುವುದೇ ಬೇರಿನ ಬಲದಿಂದ ಎಂದು ಎಚ್ಚರಿಸಿ, ದೇವರು ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದೂ ಸೇರಿಸುತ್ತಾನೆ.

ಇನ್ನು ನಮ್ಮ ಕೊಂಕಣದ ಕಥೆ ಕೇಳಿ. ನನಗೆ ಇದೇ ಎಲ್ಲಕ್ಕಿಂತ ರುಚಿ. ಪೆಣಕರ್, ದಿವೇಕರ್ ಎಂಬ ಅಡ್ಡಹೆಸರು ಕೇಳಿದರೆ ನೀವು ಮರಾಠಿಗರೆಂದು ಮುಂದೆ ಹೋಗುತ್ತೀರಿ. ಅವರಲ್ಲಿ ಕೆಲವರು ಬೆನೆ ಇಸ್ರೇಲರು. ಅಲಿಬಾಗದ ಹತ್ತಿರದ ನವಗಾಂವಿನಲ್ಲಿ ಹಡಗೊಡೆದು ದಡ ಸೇರಿದವರ ವಂಶವೆಂದು ಅವರ ನಂಬಿಕೆ. ಗಾಣ ಆಡಿಸುವ ಕಸುಬು, ಶನಿವಾರ ರಜೆ. ಹಾಗಾಗಿ ಊರವರು ‘ಶನಿವಾರ್ ತೇಲಿ’ ಎಂದರು. ಹೀಬ್ರೂ ಬಹುಪಾಲು ಮರೆತಿತ್ತು. ಭಾಷೆ ಹೋಗಿ ಆಚಾರ ಮಾತ್ರ ಉಳಿಯುವುದು ಹೇಗೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. (ಮುಂಬಯಿಯ ಮೊದಲ ಯಹೂದಿ ಪ್ರಾರ್ಥನಾಲಯ ಕಟ್ಟಿಸಿದ ದಿವೇಕರ್ ನಮ್ಮ ಟೀಪುವಿನ ಸೆರೆಯಲ್ಲಿದ್ದವರೆಂದು ಅವರಲ್ಲಿ ಪ್ರತೀತಿ. ಅದು ಬೇರೆಯೇ ಲೇಖನವಾದೀತು.)

1829ರಲ್ಲಿ ಮುಂಬಯಿಗೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಇವರಿಗೆಂದು ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದರು. ಮಿಷನ್ ಶಾಲೆಗಳಲ್ಲಿ ಇವರ ಮಕ್ಕಳು ಕಲಿತರು. ಉದ್ದೇಶವೇನೂ ಗುಟ್ಟಾಗಿರಲಿಲ್ಲ. ಜುನಾ ಕರಾರ್ ಓದಿದವರು ನವಾ ಕರಾರಿಗೆ ಬಂದೇ ಬರುತ್ತಾರೆ ಎಂಬ ಭರವಸೆ. ಓದಿದರು. ಕ್ರೈಸ್ತರಾದವರು ಬೆರಳೆಣಿಕೆಯಷ್ಟು, ಉಳಿದವರು ತಮ್ಮದೇ ಗ್ರಂಥವನ್ನು ತಿಳಿಯುವ ಭಾಷೆಯಲ್ಲಿ ಓದಿಕೊಂಡು ಮೊದಲಿಗಿಂತ ಗಟ್ಟಿ ಯಹೂದ್ಯರಾದರು! ಠಾಣೆಯ ಪ್ರಾರ್ಥನಾಲಯ ಎದ್ದದ್ದು ಆಮೇಲೆ.

ಚರ್ಚು ಪೌಲನ ಮರದ ಬಳಿಗೆ ಹಿಂದಿರುಗಲು 1965 ಬರಬೇಕಾಯಿತು. ಯೂರೋಪಿನಲ್ಲಿ ಯಹೂದ್ಯರ ಮಾರಣಹೋಮ ನಡೆದು ಇಪ್ಪತ್ತು ವರ್ಷವಾಗಿತ್ತು. ಯಹೂದ್ಯರನ್ನು ದೇವರು ತ್ಯಜಿಸಿದವರೆಂದು ಬಿಂಬಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿತು. 1980ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಳೆಯ ಒಡಂಬಡಿಕೆ ರದ್ದಾಗಿಲ್ಲವೆಂದೇ ಹೇಳಿದರು. ಹಾಗೆಂದು ವ್ಯಾಜ್ಯ ಮುಗಿಯಲಿಲ್ಲ. ವಾಗ್ದಾನ ಯೇಸುವಿನಲ್ಲಿ ನೆರವೇರಿತು ಎಂಬುದನ್ನು ಚರ್ಚು ಬಿಟ್ಟಿಲ್ಲ. ನಾಡಿನ ವಾಗ್ದಾನವನ್ನು ಇಂದಿನ ಇಸ್ರೇಲ್ ದೇಶಕ್ಕೆ ಅನ್ವಯಿಸುವ ಬಗ್ಗೆ ಕ್ರೈಸ್ತರಲ್ಲೇ ಒಮ್ಮತವಿಲ್ಲ.

ಬೆನೆ ಇಸ್ರೇಲರು ಶುಭಕಾರ್ಯಗಳಲ್ಲಿ ಅವಲಕ್ಕಿಗೆ ಕಾಯಿತುರಿ, ಸಕ್ಕರೆ ಕಲಸಿ, ಹಣ್ಣಿಟ್ಟು, ಪ್ರವಾದಿ ಎಲೀಯನ ಹೆಸರಿನಲ್ಲಿ ‘ಮಲಿದಾ’ ಮಾಡುತ್ತಾರೆ. ಮಸೀಹನಿಗೆ ಮುಂಚೆ ಎಲೀಯ ಬರುತ್ತಾನೆಂಬುದು ಯಹೂದ್ಯರ ನಿರೀಕ್ಷೆ. ಕೆರೆಯ ಬಳಿಯ ಚರ್ಚಿನ ಯೋಹಾನ ಇದ್ದಾನಲ್ಲ, ಬರಬೇಕಾಗಿದ್ದ ಎಲೀಯ ಅವನೇ ಎನ್ನುತ್ತದೆ ಮತ್ತಾಯನ ಸುವಾರ್ತೆ. ಟೆಂಭಿ ನಾಕಾದಲ್ಲಿ ಇನ್ನೂ ಕಾಯುತ್ತಿದ್ದಾರೆ. 1948ರ ನಂತರ ಬೆನೆ ಇಸ್ರೇಲರ ಎಷ್ಟೋ ಕುಟುಂಬಗಳು ಇಸ್ರೇಲಿಗೆ ಹೊರಟುಹೋದವು. ಮಲಿದಾದ ತಟ್ಟೆ ಅಲ್ಲಿಗೂ ಹೋಯಿತು.