ಪುನರ್ಪುಳಿ ಶರಬತ್ತು: ಮಳೆಗೆ ಮುನ್ನವೇ ಮುಗಿಯಬೇಕಾದ ಕೆಲಸ

ಬೆಳ್ತಂಗಡಿ: ಏಪ್ರಿಲ್ ಕಳೆದು ಮೇ ಬಂತೆಂದರೆ ತಾಲ್ಲೂಕಿನ ಅಳದಂಗಡಿ, ವೇಣೂರು, ನಾರಾವಿ ಸುತ್ತಿನ ಗುಡ್ಡ-ತೋಟಗಳಲ್ಲಿ ಪುನರ್ಪುಳಿ ಹಣ್ಣು ಕಡುಗೆಂಪಾಗಿ ಉದುರತೊಡಗುತ್ತದೆ. ಉತ್ತರ ಕನ್ನಡದವರು ಮುರುಗಲು ಎಂದೂ ಮರಾಠಿಗರು ಕೋಕಂ ಎಂದೂ ಕರೆಯುವುದು ಇದನ್ನೇ. ಕರಾವಳಿಯ ಬಿರುಬೇಸಿಗೆಗೆ ಇದರ ಶರಬತ್ತು ಹೆಸರುವಾಸಿ. ಆದರೆ ಹಣ್ಣಿನ ಕಾಲ ಕೆಲವೇ ವಾರಗಳದ್ದು. ಜೂನ್ ಮಳೆಗೆ ಸಿಕ್ಕ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಅರೆಬರೆ ಒಣಗಿದ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ.

ಶರಬತ್ತಿಗೆ ಬೇಕಾದುದು ಸಿಪ್ಪೆ. ಹಣ್ಣನ್ನು ತೊಳೆದು, ನೀರಿನ ಪಸೆ ಆರಿದ ಬಳಿಕ ಹೋಳು ಮಾಡಿ ಬೀಜ ತೆಗೆಯಬೇಕು. ಸಿಪ್ಪೆಯ ತೂಕದ ಒಂದೂವರೆಯಿಂದ ಎರಡು ಪಟ್ಟು ಸಕ್ಕರೆಯನ್ನು ಪದರ ಪದರವಾಗಿ ಬೆರೆಸಿ ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಐದಾರು ದಿನ ಬಿಸಿಲಿಗಿಡಬೇಕು. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಸಲ್ಲದು. ಸಕ್ಕರೆ ಸಿಪ್ಪೆಯ ರಸವನ್ನೆಲ್ಲ ಎಳೆದುಕೊಂಡು ಪಾಕವಾಗುತ್ತದೆ. ಸೋಸಿಟ್ಟ ಈ ಪಾಕದ ಒಂದು ಪಾಲಿಗೆ ಐದಾರು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಸೇರಿದರೆ ಶರಬತ್ತು ಸಿದ್ಧ.

ಸಕ್ಕರೆ ಕಾಯಿಲೆಯವರಿಗೆ ಈ ಪಾಕ ಹೇಳಿಸಿದ್ದಲ್ಲ. ಅವರು ಒಣಸಿಪ್ಪೆಯ ನಾಲ್ಕೈದು ಹೋಳುಗಳನ್ನು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಹಿಂಡಿ, ಉಪ್ಪು-ಜೀರಿಗೆಯೊಡನೆ ಕುಡಿಯಬಹುದು. ವರ್ಷವಿಡೀ ಸಾರಿಗೆ ಬಳಕೆಯಾಗುವುದೂ ಇದೇ ಸಿಪ್ಪೆ. ಬೀಜವನ್ನೂ ಎಸೆಯುವಂತಿಲ್ಲ. ಅದರಿಂದ ತೆಗೆದ ಎಣ್ಣೆ ತಣಿದರೆ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಹಿಮ್ಮಡಿ ಒಡೆದವರು ಹಚ್ಚಿಕೊಳ್ಳುತ್ತಾರೆ.

ಪೇಟೆಯಲ್ಲಿ ಸಿಗುವ ಕೆಂಪು ಪಾನೀಯವೆಲ್ಲ ಪುನರ್ಪುಳಿಯದ್ದೇ ಎಂದು ನಂಬಬೇಕಾಗಿಲ್ಲ. ಒಂದು ಚಮಚ ಶರಬತ್ತಿಗೆ ಅಡುಗೆ ಸೋಡಾದ ನೀರು ಬೆರೆಸಿ ನೋಡಿ. ಹಣ್ಣಿನ ಸಹಜ ವರ್ಣದ್ರವ್ಯವಾದ ಆಂಥೋಸಯಾನಿನ್ ಹುಳಿ ಅಳಿದೊಡನೆ ಕೆಂಪು ಬಿಟ್ಟು ನೇರಳೆ-ನೀಲಿಯತ್ತ ತಿರುಗುತ್ತದೆ. ಬಣ್ಣ ಕದಲದೆ ಕೆಂಪಾಗಿಯೇ ಉಳಿದರೆ ಅದು ಬೆರೆಸಿದ ಬಣ್ಣವೆಂದು ಶಂಕಿಸಬಹುದು.

ಮರ ಬೆಳೆಸುವವರಿಗೆ ತೊಡಕು ಬೇರೆಯೇ ಇದೆ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡ ಯಾವುದೆಂದು ತಿಳಿಯಲು ಏಳೆಂಟು ವರ್ಷ ಹೂವಿಗಾಗಿ ಕಾಯಬೇಕು. ಗಂಡಾದರೆ ಕಾದದ್ದೇ ಬಂತು! ಹೀಗಾಗಿ ಹಣ್ಣು ಬಿಡುವ ಮರದಿಂದ ಕಸಿ ಮಾಡಿದ ಗಿಡವೇ ಲೇಸು. ಮಹಾರಾಷ್ಟ್ರದ ದಾಪೋಳಿ ಕೃಷಿ ವಿಶ್ವವಿದ್ಯಾಲಯ 1997ರಲ್ಲಿ ಬಿಡುಗಡೆ ಮಾಡಿದ ‘ಕೊಂಕಣ ಅಮೃತಾ’ ತಳಿಯ ಹಣ್ಣು ಬಹುಪಾಲು ಮಳೆಗೆ ಮೊದಲೇ ಮಾಗುತ್ತದೆ.