ಜ್ಯಾಂಗೊ ಅಡ್ಮಿನ್ ಪುಟಕ್ಕೆ ಕನ್ನಡದ ಮುಖ

ಸದಸ್ಯರ ಪಟ್ಟಿ, ಕಾರ್ಯಕ್ರಮಗಳ ವಿವರ ತುಂಬುವ ನಮ್ಮ ಅಡ್ಮಿನ್ ಪುಟ ಜ್ಯಾಂಗೊದಲ್ಲಿದೆ. ತಾಳವಾಡಿ, ಅಕ್ಕಲಕೋಟೆಗಳಲ್ಲಿ ಅದನ್ನು ತೆರೆಯುವವರಲ್ಲಿ ಕನ್ನಡವನ್ನಷ್ಟೇ ಸಲೀಸಾಗಿ ಓದುವ ಹಿರಿಯರಿದ್ದಾರೆ. ಇಂಗ್ಲಿಷ್ ಗುಂಡಿಗಳನ್ನು ಕಂಡು ಅವರು ಹಿಂಜರಿದರೆ ಆ ಊರಿನ ಹೆಸರುಗಳೇ ಪಟ್ಟಿಗೆ ಬರುವುದಿಲ್ಲ.

ಮೊದಲು ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯ ಸಂಕೇತವನ್ನು ‘ಕೆಎನ್’ ಮಾಡಿ. ಜ್ಯಾಂಗೊದ ಜೊತೆಗೇ ಬರುವ ಕನ್ನಡ ಅನುವಾದ ಅರೆಬರೆ. ಉಳಿದದ್ದು ಇಂಗ್ಲಿಷಿನಲ್ಲೇ ಕಾಣುತ್ತದೆ. ‘ಸೈಟ್_ಹೆಡರ್’ಗೆ ಸಂಘದ ಹೆಸರು ಕೊಟ್ಟರೆ ತಲೆಬರಹದ ಕೆಲಸ ಮುಗಿಯಿತು.

ತೊಡಕಿರುವುದು ಬಹುವಚನದಲ್ಲಿ. ಮಾಡೆಲ್‌ನ ‘ವರ್ಬೋಸ್_ನೇಮ್’ಗೆ ‘ಸದಸ್ಯ’ ಎಂದಷ್ಟೇ ಬರೆದರೆ ಜ್ಯಾಂಗೊ ಅದರ ಬಾಲಕ್ಕೆ ಇಂಗ್ಲಿಷಿನ ‘ಎಸ್’ ಅಂಟಿಸುತ್ತದೆ. ಅದಕ್ಕೆ ಗೊತ್ತಿರುವ ವ್ಯಾಕರಣ ಅಷ್ಟೇ! ‘ವರ್ಬೋಸ್_ನೇಮ್_ಪ್ಲೂರಲ್’ನಲ್ಲಿ ‘ಸದಸ್ಯರು’ ಎಂದು ನಾವೇ ಹೇಳಬೇಕು.

ಬಣ್ಣ, ಅಕ್ಷರ ಬದಲಿಸಲು ಪ್ರಾಜೆಕ್ಟಿನ ಟೆಂಪ್ಲೇಟ್ಸ್ ಫೋಲ್ಡರಿನೊಳಗೆ ‘ಅಡ್ಮಿನ್’ ಎಂಬ ಫೋಲ್ಡರ್ ಮಾಡಿ, ಜ್ಯಾಂಗೊದ ‘ಬೇಸ್_ಸೈಟ್.ಎಚ್‌ಟಿಎಂಎಲ್’ನ ನಕಲನ್ನು ಅದರಲ್ಲಿಡಿ. ಆ ಟೆಂಪ್ಲೇಟ್ಸ್ ಫೋಲ್ಡರಿನ ದಾರಿ ಸೆಟ್ಟಿಂಗ್ಸ್‌ನ ‘ಡಿಐಆರ್‌ಎಸ್’ನಲ್ಲಿರಲಿ. ನಕಲಿಗೆ ‘ಎಕ್ಸ್‌ಟ್ರಾಸ್ಟೈಲ್’ ಬ್ಲಾಕ್ ಸೇರಿಸಿ ಸಿಎಸ್‌ಎಸ್ ಬರೆಯಿರಿ. 3.2ರಿಂದೀಚೆಗೆ ಬಣ್ಣಗಳೆಲ್ಲ ವೇರಿಯಬಲ್‌ಗಳಾದ್ದರಿಂದ ನಾಲ್ಕಾರು ಸಾಲು ಸಾಕು. ಬಣ್ಣಕ್ಕಿಂತ ಸಾಲುಗಳ ನಡುವಿನ ಅಂತರ ಮುಖ್ಯವೆಂದು ನಮಗನಿಸುತ್ತದೆ: ಒತ್ತಕ್ಷರಗಳು ಇಕ್ಕಟ್ಟಾಗದಂತೆ ‘ಲೈನ್-ಹೈಟ್’ ತುಸು ಹೆಚ್ಚಿಸಿ. ಜ್ಯಾಂಗೊದ ಮೂಲ ಕಡತವನ್ನು ಮಾತ್ರ ಮುಟ್ಟಬೇಡಿ. ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನೆಲ್ಲ ಅಳಿಸಿಬಿಡುತ್ತದೆ.