ರೈಲು ತಂದದ್ದು, ಲಾರಿ ಒಯ್ದದ್ದು

ಹಂದಿ ತನ್ನ ಕಾಲ ಮೇಲೆ ತಾನೇ ಮೇಲಂತಸ್ತಿಗೆ ಹತ್ತಬೇಕಿತ್ತು. ಶಿಕಾಗೊದ ಮಾಂಸದ ಕಾರ್ಖಾನೆಗಳಲ್ಲಿ ಅದಕ್ಕೆಂದೇ ಇಳಿಜಾರು ದಾರಿ ಕಟ್ಟಿದ್ದರು. ಮೇಲೆ ಬಂದ ಹಂದಿಯ ಹಿಂಗಾಲಿಗೆ ಸರಪಳಿ ಬಿಗಿದರೆ, ದೊಡ್ಡದೊಂದು ಚಕ್ರ ಅದನ್ನು ಎತ್ತಿ ತಲೆಯ ಮೇಲಿನ ಹಳಿಗೆ ತೂಗುಹಾಕುತ್ತಿತ್ತು. ಅಲ್ಲಿಂದ ಮುಂದೆ ಅದು ತನ್ನ ತೂಕಕ್ಕೇ ಜಾರುತ್ತ ಸಾಗಬೇಕು. ಒಬ್ಬ ಕತ್ತು ಕೊಯ್ಯುವವನು, ಒಬ್ಬ ಹೊಟ್ಟೆ ಸೀಳುವವನು, ಒಬ್ಬ ಕರುಳು ತೆಗೆಯುವವನು. ಒಬ್ಬೊಬ್ಬನಿಗೆ ಒಂದೊಂದೇ ಕೆಲಸ, ದಿನವಿಡೀ ಅದೇ. ಅಂತಸ್ತು ಇಳಿದಂತೆಲ್ಲ ಹಂದಿ ಹ್ಯಾಮ್ ಆಗುತ್ತಿತ್ತು, ಸಾಸೇಜ್ ಆಗುತ್ತಿತ್ತು, ಡಬ್ಬಿಯಲ್ಲಿನ ಕೊಬ್ಬಾಗುತ್ತಿತ್ತು. ಹೆನ್ರಿ ಫೋರ್ಡ್ 1913ರಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಕಾರು ಜೋಡಿಸುವ ಚಲಿಸುವ ಸಾಲನ್ನು ಶುರುಮಾಡಿದ. ಅದರ ಕಲ್ಪನೆ ಶಿಕಾಗೊ ಕಸಾಯಿಖಾನೆಗಳ ತೂಗುಹಳಿಯಿಂದ ಬಂದದ್ದೆಂದು 1922ರ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ. ಜೋಡಿಸುವ ವಿದ್ಯೆಯನ್ನು ಅಮೆರಿಕ ಕಲಿತದ್ದು ಬಿಡಿಸುವವರಿಂದ.

ಆ ನಗರ ಮಾಂಸದ ಊರಾದದ್ದು ರೈಲಿನಿಂದ. 1840ರಲ್ಲಿ ಅಲ್ಲಿದ್ದವರು ಐದು ಸಾವಿರಕ್ಕೂ ಕಡಿಮೆ ಜನ. ಅಂತರ್ಯುದ್ಧ ಬಂದು ಮಿಸಿಸಿಪ್ಪಿ ನದಿಯ ವ್ಯಾಪಾರ ನಿಂತಾಗ ಹಂದಿಮಾಂಸದ ವಹಿವಾಟು ಸಿನ್ಸಿನಾಟಿಯ ಕೈತಪ್ಪಿ ಶಿಕಾಗೊಗೆ ಬಂತು. ಒಂದೊಂದು ರೈಲು ಕಂಪನಿಗೂ ಊರಿನ ಒಂದೊಂದು ಮೂಲೆಯಲ್ಲಿ ದೊಡ್ಡಿ. ದನ, ಹಂದಿ, ಕುರಿಗಳನ್ನು ಬೀದಿಯಲ್ಲೇ ಹೊಡೆದುಕೊಂಡು ಹೋಗಬೇಕು. ಕಡೆಗೆ ರೈಲು ಕಂಪನಿಗಳು ಸೇರಿಕೊಂಡು ಊರ ದಕ್ಷಿಣಕ್ಕಿದ್ದ 320 ಎಕರೆ ಜೌಗು ನೆಲವನ್ನು ಕೊಂಡು, ಒಣಗಿಸಿ, ಹಳಿ ಹಾಕಿದವು. 1865ರ ಕ್ರಿಸ್‌ಮಸ್ ದಿನ ‘ಯೂನಿಯನ್ ಸ್ಟಾಕ್ ಯಾರ್ಡ್ಸ್’ ಬಾಗಿಲು ತೆರೆಯಿತು. ದಿನಂಪ್ರತಿ ನಡೆಯುವ ದನದ ಸಂತೆ, ಪಕ್ಕದಲ್ಲೇ ಆರ್ಮರ್, ಸ್ವಿಫ್ಟ್ ಮೊದಲಾದವರ ಕಾರ್ಖಾನೆಗಳು.

ಆದರೂ ಮೊದಮೊದಲು ಬಹುಪಾಲು ದನಗಳು ಜೀವಸಹಿತವೇ ನ್ಯೂಯಾರ್ಕ್, ಬಾಸ್ಟನ್‌ಗೆ ಹೋಗುತ್ತಿದ್ದವು. ದಾರಿಯಲ್ಲಿ ಕೆಲವು ಸಾಯುತ್ತಿದ್ದವು, ಉಳಿದವು ಸೊರಗುತ್ತಿದ್ದವು. ತಿನ್ನಲು ಬಾರದ ತೊಗಲು, ಮೂಳೆ, ಕರುಳಿಗೂ ಬಾಡಿಗೆ ತೆರಬೇಕಲ್ಲ ಎಂಬ ಲೆಕ್ಕ ಗುಸ್ಟಾವಸ್ ಸ್ವಿಫ್ಟ್‌ನ ತಲೆ ಕೊರೆಯಿತು. 1880ರ ಆಸುಪಾಸಿನಲ್ಲಿ ಆತ ಮಂಜುಗಡ್ಡೆ ತುಂಬಿದ ಬೋಗಿಗಳಲ್ಲಿ ಬರೀ ಮಾಂಸ ಕಳಿಸತೊಡಗಿದ. ಜೀವಂತ ದನ ಸಾಗಿಸಿ ದುಡ್ಡು ಮಾಡುತ್ತಿದ್ದ ರೈಲು ಕಂಪನಿಗಳು ಅಡ್ಡಗಾಲು ಹಾಕಿದವು. ಸ್ವಿಫ್ಟ್, ದನದ ಸಾಗಣೆ ಅಷ್ಟಾಗಿ ಇರದ ಗ್ರ್ಯಾಂಡ್ ಟ್ರಂಕ್ ಕಂಪನಿಯನ್ನು ಹಿಡಿದು ಕೆನಡಾ ಮಾರ್ಗವಾಗಿ ಮಾಂಸ ಕಳಿಸಿ ಗೆದ್ದ. ಅಲ್ಲಿಗೆ ಕಸಾಯಿಖಾನೆ ಊರೂರಿನ ಕಸುಬಾಗಿ ಉಳಿಯಲಿಲ್ಲ. ಶಿಕಾಗೊದಲ್ಲಿ ಒಟ್ಟುಗೂಡಿದ್ದರಿಂದಲೇ ಕೊಂಬು, ಗೊರಸು, ಕೂದಲು, ರಕ್ತಕ್ಕೂ ಬೆಲೆ ಬಂತು. ಅಂಟು, ಸೋಪು, ಬ್ರಷ್ಷು, ಗೊಬ್ಬರ ಎಲ್ಲವೂ ಅದೇ ಬೇಲಿಯೊಳಗೆ ತಯಾರು. ಹಂದಿಯ ಕಿರುಚಾಟ ಒಂದನ್ನು ಬಿಟ್ಟು ಎಲ್ಲವನ್ನೂ ಮಾರುತ್ತೇವೆ ಎಂಬುದು ಅಲ್ಲಿನವರ ಹೆಮ್ಮೆ. ನಮಗೆ ಶಿಕಾಗೊ ಎಂದರೆ ವಿವೇಕಾನಂದರ ಊರು. ಅವರು ಅಲ್ಲಿ ಮಾತಾಡಿದ 1893ರಲ್ಲೇ ವಿಶ್ವಮೇಳಕ್ಕೆ ಬಂದ ಜನ ಈ ಕಸಾಯಿಖಾನೆಗಳನ್ನೂ ನೋಡಿಕೊಂಡು ಹೋಗುತ್ತಿದ್ದರು.

ಮಾರಲಾಗದೆ ಉಳಿದ ಕೊಳಕು ಪಕ್ಕದ ಹಳ್ಳಕ್ಕೆ. ಕೊಳೆತ ಕರುಳು, ರಕ್ತದಿಂದ ಗುಳ್ಳೆಯೇಳುತ್ತಿದ್ದ ಆ ನೀರಿಗೆ ‘ಬಬ್ಲಿ ಕ್ರೀಕ್’ ಎಂದೇ ಹೆಸರಾಯಿತು. ಅದರ ಆಜುಬಾಜಿನಲ್ಲೇ ಐರಿಷ್, ಜರ್ಮನ್, ಪೋಲಿಷ್, ಲಿಥುವೇನಿಯನ್ ಕೂಲಿಕಾರರ ಮರದ ಮನೆಗಳು. ಅಪ್ಟನ್ ಸಿಂಕ್ಲೇರ್ 1906ರಲ್ಲಿ ‘ದಿ ಜಂಗಲ್’ ಕಾದಂಬರಿ ಪ್ರಕಟಿಸಿದ್ದು ಈ ಕೂಲಿಕಾರರ ಪಾಡು ತೋರಿಸಲು. ಓದಿದ ದೇಶ ಮಾತ್ರ ತನ್ನ ತಟ್ಟೆಯ ಮಾಂಸ ನೆನೆದು ಗಾಬರಿಯಾಯಿತು. ಅದೇ ವರ್ಷ ಮಾಂಸ ತಪಾಸಣೆಯ ಕಾಯ್ದೆ ಬಂತು, ಕೂಲಿಕಾರರು ಇದ್ದಲ್ಲೇ ಇದ್ದರು. ಅವರ ಪಾಡು ನಿಜಕ್ಕೂ ಸುಧಾರಿಸಿದ್ದು 1930, 40ರ ದಶಕಗಳಲ್ಲಿ, ದಕ್ಷಿಣದಿಂದ ಬಂದ ಕರಿಯರೂ ಯುರೋಪಿನಿಂದ ಬಂದ ಬಿಳಿಯರೂ ಒಂದೇ ಸಂಘ ಕಟ್ಟಿದ ಮೇಲೆ. ಮಾಂಸ ಕಡಿಯುವ ಕೂಲಿಯಿಂದ ಸಂಸಾರ ನಡೆಸಿ, ಮಕ್ಕಳನ್ನು ಓದಿಸಬಹುದಾದ ಕಾಲ ಬಂತು.

ಆ ಕಾಲ ಬಾಳಿದ್ದು ಒಂದು ತಲೆಮಾರೂ ಅಲ್ಲ. ರೈಲು ಹಳಿ ಇದ್ದಲ್ಲಿಗೇ ಹೋಗುತ್ತದೆ. ಲಾರಿಗೆ ಹೊಲದ ಬದುವೂ ನಿಲ್ದಾಣವೇ. ಡಾಂಬರು ರಸ್ತೆ, ಯಂತ್ರದ ಶೈತ್ಯವಿರುವ ಲಾರಿ ಬಂದಮೇಲೆ ದನವನ್ನು ನೂರಾರು ಮೈಲಿ ಶಿಕಾಗೊಗೆ ತರುವ ಅಗತ್ಯವೇನು? ಕಾರ್ಖಾನೆಯೇ ದನದ ಹತ್ತಿರ ಹೋದರಾಯಿತು. ಸ್ವಿಫ್ಟ್ ಹಿಂದೆ ರೈಲಿನವರ ಮುಂದಿಟ್ಟ ಲೆಕ್ಕವೇ ಈಗ ಶಿಕಾಗೊಗೆ ತಿರುಗಿ ಬಿತ್ತು. ಹಂದಿಯನ್ನು ಹತ್ತಿಸಿ ಇಳಿಸುತ್ತಿದ್ದ ಬಹುಮಹಡಿ ಕಟ್ಟಡಗಳೇ ಹೊರೆಯಾದವು. ಹೊಸ ಯಂತ್ರಗಳಿಗೆ ಬೇಕಾದದ್ದು ಉದ್ದಕ್ಕೆ ಹರಡಿದ ಒಂದೇ ಅಂತಸ್ತು. ಅಂಥ ಜಾಗ ಅಗ್ಗಕ್ಕೆ ಸಿಗುವುದು ಹಳ್ಳಿಗಾಡಿನಲ್ಲಿ. 1959ರಲ್ಲಿ ಆರ್ಮರ್ ಶಿಕಾಗೊದ ಕಾರ್ಖಾನೆ ಮುಚ್ಚಿತು, ಉಳಿದ ದೊಡ್ಡವರೂ ಆ ಹೊತ್ತಿಗೇ ಗಂಟುಮೂಟೆ ಕಟ್ಟಿದ್ದರು. 1961ರಲ್ಲಿ ‘ಅಯೋವಾ ಬೀಫ್ ಪ್ಯಾಕರ್ಸ್’ ಎಂಬ ಹೊಸ ಕಂಪನಿ ಅಯೋವಾದ ಡೆನಿಸನ್ ಎಂಬ ಸಣ್ಣ ಊರಿನಲ್ಲಿ ಕೆಲಸ ಶುರುಮಾಡಿತು. ಮುಂದೆ ಮಾಂಸವನ್ನು ತುಂಡುಮಾಡಿ ಪೆಟ್ಟಿಗೆಯಲ್ಲೇ ತುಂಬಿ ಕಳಿಸುವ ಪದ್ಧತಿ ತಂದಿತು. ಅಂಗಡಿಯ ಕಟುಕನ ಅರ್ಧ ಕೆಲಸವೂ ಅಲ್ಲೇ ಮುಗಿಯಿತು. ನಗರದ ಸಂಘ ಗಳಿಸಿದ್ದ ಕೂಲಿಯನ್ನು ಅಲ್ಲಿ ಕೊಡಬೇಕಾದ ಒತ್ತಾಯವೂ ಇರಲಿಲ್ಲ. ನನ್ನ ಮಟ್ಟಿಗೆ ಲಾರಿಯಷ್ಟೇ ದೊಡ್ಡ ಕಾರಣ ಅದು. 1971ರ ಜುಲೈ ಕೊನೆಯಲ್ಲಿ ಸ್ಟಾಕ್ ಯಾರ್ಡ್ಸ್ ಮುಚ್ಚಿತು.

ಅಮೆರಿಕದ ನಗರಗಳ ಕಾರ್ಖಾನೆಗಳೆಲ್ಲ ಚೀನಾಕ್ಕೆ ಹೋದವು ಎಂಬ ಮಾತಿಗೆ ಇದನ್ನು ಹಿಡಿದು ನೋಡಬೇಕು. ಮಾಂಸ ಚೀನಾಕ್ಕೂ ಹೋಗಲಿಲ್ಲ, ಜಪಾನಿಗೂ ಹೋಗಲಿಲ್ಲ. ಡೆಟ್ರಾಯಿಟ್ 1947ರಿಂದ 1963ರ ನಡುವೆ 1,34,000 ಕಾರ್ಖಾನೆ ಉದ್ಯೋಗ ಕಳೆದುಕೊಂಡಾಗ ಅಮೆರಿಕದ ರಸ್ತೆಗಳಲ್ಲಿ ಜಪಾನಿ ಕಾರು ಕಾಣುವುದೇ ಅಪರೂಪ. ಕಂಪನಿಗಳು ಹೊರವಲಯಕ್ಕೆ, ಬೇರೆ ರಾಜ್ಯಗಳಿಗೆ ಹೋಗಿದ್ದವು. ವಿದೇಶಿ ಸ್ಪರ್ಧೆಯ ಪೆಟ್ಟು ಆಮೇಲಿನದು; 1992ರಲ್ಲಿ ಮುಚ್ಚಿದ ಶಿಕಾಗೊದ ಸೌತ್ ವರ್ಕ್ಸ್ ಉಕ್ಕಿನ ಕಾರ್ಖಾನೆಯ ಕಥೆಯಲ್ಲಿ ಅದರ ಪಾಲು ದೊಡ್ಡದು. ಕಾರ್ಖಾನೆ ಹೊರವಲಯಕ್ಕೆ ಹೋದಾಗ ಬಿಳಿಯ ಕಾರ್ಮಿಕರಲ್ಲಿ ಹಲವರು ಹಿಂದೆಯೇ ಹೊರಟರು. ಉಪನಗರಗಳಲ್ಲಿ ಮನೆಯೇ ಸಿಗದ ಕರಿಯರಿಗೆ ಆ ದಾರಿ ಇರಲಿಲ್ಲ. ಕೆಲಸ ಹೋದ ಬಡಾವಣೆಗಳಲ್ಲಿ ಅವರು ಉಳಿದರು.

ದೊಡ್ಡಿಗಳಿದ್ದ ನೆಲದಲ್ಲಿ ಈಗ ಕೈಗಾರಿಕಾ ಪಾರ್ಕ್ ಇದೆ, ಗೋದಾಮುಗಳಿವೆ. ಕಡಿಯುವ ಕೆಲಸ ಕಾನ್ಸಾಸ್‌ನ ಗಾರ್ಡನ್ ಸಿಟಿ, ಡಾಡ್ಜ್ ಸಿಟಿಯಂಥ ಬಯಲುಸೀಮೆಯ ಪಟ್ಟಣಗಳ ಬಳಿ ನಡೆಯುತ್ತಿದೆ. ಸಾಲಿನಲ್ಲಿ ನಿಂತವರು ಮೆಕ್ಸಿಕೊ, ವಿಯೆಟ್ನಾಂ, ಸೊಮಾಲಿಯಾದಿಂದ ಬಂದವರು. ತಲೆಯ ಮೇಲಿನ ಹಳಿ ಹಾಗೇ ಇದೆ, ವೇಗ ಮಾತ್ರ ಹೆಚ್ಚಿದೆ.